ಕೊಡವಿದರೆ ಸರಿಯಾಗುವ ಕೈ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಹೆಂಗಸರಲ್ಲಿ ಒಂದು ಅಭ್ಯಾಸ ಕಂಡಿದ್ದೇನೆ. ಮಾತಾಡುತ್ತಾ ಕೂತವರು ನಡುವೆ ಒಮ್ಮೆ ಕೈಯನ್ನು ಜೋರಾಗಿ ಕೊಡವುತ್ತಾರೆ. ಕೇಳಿದರೆ "ಏನಿಲ್ಲ, ಜೋಮು" ಅಂತಾರೆ. ಮಾತು ಮುಂದುವರಿಯುತ್ತದೆ. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಹೊಲಿಗೆ ಮಾಡುವವರು, ಹತ್ತು ಮನೆ ಪಾತ್ರೆ ತಿಕ್ಕುವವರು, ಎಲ್ಲರಲ್ಲೂ ಉಂಟು ಇದು. ರಾತ್ರಿ ಸರಿಹೊತ್ತಿಗೆ ಎಚ್ಚರ ಆಗುತ್ತದೆ. ಬೆರಳುಗಳೆಲ್ಲ ಊದಿದ ಹಾಗೆ ಅನಿಸುತ್ತದೆ, ನೋಡಿದರೆ ಊದಿರುವುದಿಲ್ಲ. ಎದ್ದು ಕೂತು ಕೊಡವುತ್ತಾರೆ. ಸರಿಯಾಗುತ್ತದೆ. ಮಲಗುತ್ತಾರೆ.

ಕೊಡವಿದರೆ ಸರಿಯಾಗುತ್ತದಲ್ಲ, ಅದಕ್ಕೇ ಅದೊಂದು ಕಾಯಿಲೆ ಅಂತ ಯಾರಿಗೂ ಅನಿಸುವುದಿಲ್ಲ. ಆದರೆ ಈ ಕೊಡವುವುದೇ ವೈದ್ಯರಿಗೆ ಒಂದು ದೊಡ್ಡ ಸುಳಿವು. "ರಾತ್ರಿ ಎದ್ದು ಏನು ಮಾಡ್ತೀರಿ?" ಅಂತ ಕೇಳಿದಾಗ ರೋಗಿ ಮಾತಿನಲ್ಲಿ ಹೇಳದೆ ಕೈ ಕೊಡವಿ ತೋರಿಸಿದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಜಾಸ್ತಿ. ಕಾರ್ಪಲ್ ಟನಲ್ ಸಿಂಡ್ರೋಮ್ ಅಂತ ಅದರ ಹೆಸರು. ದೇಹದಲ್ಲಿ ನರಗಳು ಒತ್ತಿಕೊಳ್ಳುವ ಜಾಗಗಳು ಎಷ್ಟೋ ಇವೆ. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ.

ನನ್ನ ಚಿಕ್ಕಮ್ಮ ಹೀಗೆ ಕೊಡವುತ್ತಲೇ ವರ್ಷಗಟ್ಟಲೆ ಕಳೆದರು. ಅವರು ಬೀಡಿ ಕಟ್ಟುವವರು. ಬೇಸಿಗೆಯಲ್ಲಿ ಅಂಗಳದ ಅಡಿಕೆ ಒಣಗಿದ ಮೇಲೆ ಸುಲಿಯಲು ಹೋಗುತ್ತಿದ್ದರು. ಬೀಡಿಗೆ ಸಾವಿರದ ಲೆಕ್ಕ, ಅಡಿಕೆಗೆ ಕಿಲೋ ಲೆಕ್ಕ. ಕೈ ನಿಂತರೆ ದುಡ್ಡೂ ನಿಂತಿತು. ಅವರಿಗೆ ಮೊದಲು ಗೊತ್ತಾದದ್ದು ನೋವಿನಿಂದ ಅಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ಬದಿಗೆ ತೆಗೆದಿಡುವ ಬೀಡಿ ಜಾಸ್ತಿಯಾಗತೊಡಗಿತು. ಎಲೆಯ ಅಂಚು ಬೆರಳಿಗೆ ಸರಿಯಾಗಿ ತಾಗುತ್ತಿರಲಿಲ್ಲ. ತುದಿ ಮಡಚುವಾಗ ಜಾರುತ್ತಿತ್ತು, ನೂಲಿನ ಗಂಟು ಸಡಿಲ ಬೀಳುತ್ತಿತ್ತು. ಕಣ್ಣಿಗೆ ವಯಸ್ಸಾಯಿತು ಅಂತ ಅವರೇ ಅಂದುಕೊಂಡು ಕನ್ನಡಕ ಬದಲಾಯಿಸಿದರು.

ಮಣಿಕಟ್ಟಿನ ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ. ಅಂಗೈ ಶುರುವಾಗುವಲ್ಲಿ ಪುಟ್ಟ ಪುಟ್ಟ ಎಲುಬುಗಳು ಸೇರಿ ಒಂದು ಇಕ್ಕಟ್ಟಾದ ದಾರಿ ಮಾಡಿಕೊಟ್ಟಿವೆ. ಅದರ ಮೇಲೆ ಗಟ್ಟಿಯಾದ ಒಂದು ಪಟ್ಟಿ ಅಡ್ಡಲಾಗಿ ಕೂತಿದೆ. ಬೆರಳು ಮಡಚುವ, ಮಾಂಸಖಂಡವನ್ನು ಎಲುಬಿಗೆ ಜೋಡಿಸುವ ಹುರಿಯಂಥ 9 ಟೆಂಡನ್‌ಗಳು ಆ ದಾರಿಯಲ್ಲೇ ಹೋಗಬೇಕು. ಅವುಗಳ ಜೊತೆಗೆ ಮೀಡಿಯನ್ ನರ ಅನ್ನುವ ಒಂದೇ ಒಂದು ನರ. ಟೆಂಡನ್ ಸುತ್ತಲಿನ ಪೊರೆ ದಪ್ಪಗಾದರೂ, ನೀರು ತುಂಬಿದರೂ ಎಲುಬು ಜರಗುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ. ಒತ್ತಡ ಪೂರಾ ನರದ ಮೇಲೆ. ನರದೊಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಓಡುವುದು ಮೊದಲು ನಿಧಾನವಾಗುತ್ತದೆ. ಆಗಲೇ ಜೋಮು. ನಿದ್ದೆಯಲ್ಲಿ ನಾವು ಕೈ ಮಡಚಿಕೊಂಡು ಮಲಗುತ್ತೇವೆ, ಮಡಚಿದರೆ ಆ ದಾರಿಯಲ್ಲಿ ಒತ್ತಡ ಇನ್ನೂ ಏರುತ್ತದೆ. ಅದಕ್ಕೇ ರಾತ್ರಿ ಜಾಸ್ತಿ. ಈ ಹಂತದಲ್ಲಿ ಕೈ ಕೊಡವಿದರೆ ಸರಿಯಾಗುತ್ತದೆ. ಒತ್ತಡ ಹಾಗೇ ಮುಂದುವರಿದರೆ ನರದ ಹೊದಿಕೆ ಸವೆಯುತ್ತದೆ. ಆಮೇಲೆ ಒಳಗಿನ ಎಳೆಗಳೇ ಸಾಯುತ್ತವೆ. ಆಗ ಕೊಡವಿದರೂ ಜೋಮು ಬಿಡುವುದಿಲ್ಲ.

ಈ ನರಕ್ಕೆ ಸೇರಿದ ಬೆರಳುಗಳು ಲೆಕ್ಕದವು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ. ಕಿರುಬೆರಳು ಇಲ್ಲ. ಉಂಗುರದ ಬೆರಳಿನ ಒಂದು ಬದಿ ಜೋಮು, ಇನ್ನೊಂದು ಬದಿ ಸರಿ ಅಂದರೆ ಬೇರೆ ಯಾವ ಜಾಗಕ್ಕೂ ಹುಡುಕಿಕೊಂಡು ಹೋಗುವ ಮೊದಲು ಮಣಿಕಟ್ಟು ನೋಡಬೇಕು. ಇದಕ್ಕೆ ಯಂತ್ರ ಬೇಡ, ಕೇಳಿದರೆ ಸಾಕು. ಚಿಕ್ಕಮ್ಮನನ್ನು ಎಷ್ಟೋ ಕಾಲ ಯಾರೂ ಕೇಳಲಿಲ್ಲ.

ಅವರಿಗೆ ಸಿಕ್ಕಿದ್ದು ಮೊದಲು "ನರ ವೀಕ್" ಅನ್ನುವ ಮಾತು, ಅದರ ಜೊತೆಗೆ ಕೆಂಪು ಬಣ್ಣದ ವಿಟಮಿನ್ ಸೂಜಿ. ಆಮೇಲೆ ತೈಲ. ಆಮೇಲೆ ಕುತ್ತಿಗೆಯ ಎಕ್ಸ್‌ರೇ. ಐವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸ್ವಲ್ಪ ಸವೆತ ಕಾಣುತ್ತದೆ. ಕಂಡಿತು. ಕುತ್ತಿಗೆಗೆ ಪಟ್ಟಿ ಬಂತು. ಕೈಯ ಜೋಮು ಹಾಗೇ ಉಳಿಯಿತು. ವಿಟಮಿನ್ ಬಿ12 ಕಡಿಮೆಯಾದರೂ ಕೈಕಾಲು ಜೋಮು ಹಿಡಿಯುತ್ತದೆ, ಕುತ್ತಿಗೆಯಲ್ಲಿ ನರ ಒತ್ತಿಕೊಂಡರೂ ಕೈಗೆ ಬರುತ್ತದೆ, ಇದೆಲ್ಲ ನಿಜ. ಆದರೆ ಪರೀಕ್ಷೆ ಮಾಡದೆ ಎಲ್ಲರಿಗೂ ಅದೇ ಸೂಜಿ, ಅದೇ ಪಟ್ಟಿ ಕೊಡುವುದು ಸರಿಯಲ್ಲ. ಅಷ್ಟರಲ್ಲಿ ನರಕ್ಕೆ ಉಳಿದಿದ್ದ ಕಾಲ ಕಳೆದುಹೋಗುತ್ತದೆ.

ಕುತ್ತಿಗೆಯ ಕಡೆ ನೋಡುವ ಈ ಚಾಳಿ ನಮ್ಮದು ಮಾತ್ರ ಅಲ್ಲ ಅಂತ ಓದುತ್ತಾ ಹೋದಾಗ ತಿಳಿಯಿತು. ಮಣಿಕಟ್ಟಿನ ಮೂಳೆ ಮುರಿದವರಲ್ಲಿ ಈ ನರ ಒತ್ತಿಕೊಳ್ಳುವುದನ್ನು ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ 1854ರಲ್ಲೇ ಬರೆದಿದ್ದರು. 1913ರಲ್ಲಿ ಫ್ರಾನ್ಸಿನ ಪಿಯರ್ ಮಾರಿ ಮತ್ತು ಶಾರ್ಲ್ ಫುವಾ ಸತ್ತವರೊಬ್ಬರ ಕೈ ಬಿಡಿಸಿ ನೋಡಿದರು. ಹೆಬ್ಬೆರಳ ಬುಡದ ಮಾಂಸ ಕರಗಿತ್ತು, ಮಣಿಕಟ್ಟಿನೊಳಗಿನ ಪಟ್ಟಿಯ ಹತ್ತಿರ ನರ ದಪ್ಪಗಾಗಿತ್ತು. ಮೊದಲೇ ಗೊತ್ತಾದರೆ ಈ ಪಟ್ಟಿಯನ್ನು ಕೊಯ್ದುಬಿಟ್ಟರೆ ಆದೀತು ಅಂತ ಅವರು ಅಂದೇ ಸೂಚಿಸಿದ್ದರು. ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1933ರಲ್ಲಿ ಜೇಮ್ಸ್ ಲರ್ಮಂತ್ ಪಟ್ಟಿ ಕೊಯ್ದ ಶಸ್ತ್ರಚಿಕಿತ್ಸೆಯ ವರದಿ ಕೊಟ್ಟರು. ಹಾಗಿದ್ದರೂ 1940ರ ದಶಕದವರೆಗೆ ಕೈ ಜೋಮು ಅಂತ ಬಂದ ಹೆಂಗಸರಿಗೆ ಕುತ್ತಿಗೆ ಬುಡದಲ್ಲೇ ನರ ಒತ್ತಿಕೊಂಡಿದೆ ಅಂತ ಹೇಳುವುದು ರೂಢಿಯಾಗಿತ್ತು. ಕುತ್ತಿಗೆಯ ಬಳಿ ಹೆಚ್ಚುವರಿ ಪಕ್ಕೆಲುಬು ಇದ್ದವರಿಗೆ ಅದನ್ನೇ ತೆಗೆಯುತ್ತಿದ್ದರು. 1947ರಲ್ಲಿ ಲಂಡನ್ನಿನ ಬ್ರೇನ್, ರೈಟ್, ವಿಲ್ಕಿನ್ಸನ್ ಎಂಬ ಮೂವರು ಆರು ರೋಗಿಗಳ ವಿವರ ಕೊಟ್ಟು, ಪೆಟ್ಟೇನೂ ಬೀಳದೆ ಮಣಿಕಟ್ಟಿನಲ್ಲೇ ನರ ಒತ್ತಿಕೊಳ್ಳುತ್ತದೆ ಅಂತ ತೋರಿಸಿದರು. 1950ರಿಂದ ಮುಂದೆ ಅಮೆರಿಕದ ಜಾರ್ಜ್ ಫೇಲನ್ ಬರೆದದ್ದರಿಂದ ಇದು ಎಲ್ಲ ಕಡೆಯ ವೈದ್ಯರಿಗೂ ತಿಳಿದ ಮಾತಾಯಿತು. 1913ಕ್ಕೂ 1947ಕ್ಕೂ ನಡುವೆ ಎಷ್ಟು ಹೆಂಗಸರು ಕೈ ಕೊಡವುತ್ತಾ ಕೂತಿದ್ದರೋ! ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಉತ್ತರ ಗೊತ್ತಿತ್ತು, ಅವರ ಹತ್ತಿರ ಬರಲಿಲ್ಲ ಅಷ್ಟೆ.

ಚಿಕ್ಕಮ್ಮನ ಕೈ ಹಿಡಿದು ಸರಿಯಾಗಿ ನೋಡಿದ್ದು ಮಂಗಳೂರಿನ ಒಬ್ಬ ವೈದ್ಯರು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಹೋದರೂ ದೊಡ್ಡ ಕಾಯಿಲೆಗೆ ನಮ್ಮ ದಾರಿ ಮಂಗಳೂರಿಗೇ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿ ನಮಗೆ ಎಷ್ಟು ಬೇಕು ಅಂತ ಎಲ್ಲರಿಗೂ ಗೊತ್ತಾಯಿತು. ಡಯಾಲಿಸಿಸ್‌ಗೆ, ಹೆರಿಗೆಗೆ, ಹೃದಯದ ಚಿಕಿತ್ಸೆಗೆ ಹೊರಟವರು ಗಡಿಯಲ್ಲಿ ನಿಂತರು. ಜೋಮು ಹಿಡಿದ ಕೈಯ ಸುದ್ದಿ ಆ ದಿನಗಳಲ್ಲಿ ಯಾರು ಎತ್ತುತ್ತಾರೆ? ತುರ್ತು ಅಲ್ಲದ ಕಾಯಿಲೆಗಳ ಹಣೆಬರಹ ಅದು. ತುರ್ತು ಅಲ್ಲ ಅಂತ ಮುಂದೆ ಹಾಕುತ್ತಾ ಹಾಕುತ್ತಾ ಒಂದು ದಿನ ತಡವಾಗಿಬಿಟ್ಟಿರುತ್ತದೆ.

ಆ ವೈದ್ಯರು ತುಳುವಿನಲ್ಲಿ ಮಾತಾಡಿಸಿದರು. ಎರಡೂ ಮಣಿಕಟ್ಟು ಮಡಚಿ ಒಂದು ನಿಮಿಷ ಹಾಗೇ ಹಿಡಿಯಲು ಹೇಳಿದರು. ಫೇಲನ್ ಪರೀಕ್ಷೆ ಅಂದರೆ ಇದೇ. ನಿಮಿಷ ತುಂಬುವ ಮೊದಲೇ ಚಿಕ್ಕಮ್ಮ ಕೈ ಬಿಡಿಸಿಕೊಂಡರು. ಮಣಿಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿದರೆ ನಡುಬೆರಳ ತುದಿಗೆ ಶಾಕ್ ಹೊಡೆದ ಹಾಗಾಯಿತು. ಇದನ್ನು 1915ರಲ್ಲಿ ಬರೆದಿಟ್ಟವರು ಫ್ರಾನ್ಸಿನ ಟಿನೆಲ್. ಆಮೇಲೆ ವೈದ್ಯರು ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಡಿಸಿ ನನ್ನನ್ನು ಕರೆದು ತೋರಿಸಿದರು. ಬಲಗೈ ಹೆಬ್ಬೆರಳ ಬುಡದ ಉಬ್ಬು ತಗ್ಗಾಗಿತ್ತು. ಆ ಕೈಯಿಂದ ಬಡಿಸಿದ ಅನ್ನ ನಾವು ದಿನಾ ಉಂಡಿದ್ದೆವು.

ನರದ ಪರೀಕ್ಷೆಯೂ ಆಯಿತು. ಸಣ್ಣ ಕರೆಂಟು ಕೊಟ್ಟು, ಮಣಿಕಟ್ಟು ದಾಟಲು ನರಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಾರೆ. ಚುರುಚುರು ಅನ್ನುತ್ತದೆ, ಹೆದರುವಂಥದ್ದಲ್ಲ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಇವೆರಡೂ ಇದ್ದವರಲ್ಲಿ ಈ ತೊಂದರೆ ಜಾಸ್ತಿ. ಬಸುರಿಯರಲ್ಲಿ ಮೈಯಲ್ಲಿ ನೀರು ತುಂಬಿ ಬರುತ್ತದೆ, ಸಾಮಾನ್ಯವಾಗಿ ಹೆರಿಗೆಯ ಮೇಲೆ ತಾನಾಗಿ ಇಳಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸಿನವರಲ್ಲಿ ಹೆಚ್ಚು. ಕೆಲಸವೊಂದೇ ಕಾರಣ ಅಂತ ಹೇಳಲಾಗದು. ಆದರೆ ಬಿಗಿಯಾಗಿ ಹಿಡಿದು, ಮಣಿಕಟ್ಟು ಬಾಗಿಸಿ, ಒಂದೇ ಚಲನೆಯನ್ನು ಸಾವಿರ ಸಲ ಮಾಡುವ ಕೆಲಸ ಇದನ್ನು ಹೆಚ್ಚಿಸುತ್ತದೆ. ನಮ್ಮ ಊರಿನ ಎಷ್ಟು ಕೆಲಸಗಳು ಹಾಗೇ ಇವೆ, ಅಲ್ವಾ?

ಎಲ್ಲರಿಗೂ ಆಪರೇಶನ್ ಬೇಕಿಲ್ಲ ಅನ್ನುವುದನ್ನೂ ಹೇಳಲೇಬೇಕು. ಶುರುವಿನಲ್ಲಿ ಗೊತ್ತಾದರೆ ರಾತ್ರಿ ಮಣಿಕಟ್ಟು ನೆಟ್ಟಗೆ ಇಡುವ ಸ್ಪ್ಲಿಂಟ್ ಕಟ್ಟಿಕೊಂಡು ಮಲಗಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಸ್ಟೀರಾಯ್ಡ್ ಸೂಜಿ ಮಣಿಕಟ್ಟಿಗೆ ಕೊಟ್ಟರೆ ಕೆಲವು ತಿಂಗಳು ಆರಾಮ ಸಿಗುತ್ತದೆ, ಕೆಲವರಿಗೆ ಅಲ್ಲಿಗೇ ಮುಗಿಯುತ್ತದೆ. ಆದರೆ ಸ್ಪರ್ಶ ಹಗಲೂ ರಾತ್ರಿಯೂ ಹೋಗಿದ್ದರೆ, ಹೆಬ್ಬೆರಳ ಬಲ ಕುಂದಿದ್ದರೆ, ಬುಡದ ಮಾಂಸ ಕರಗಲು ತೊಡಗಿದ್ದರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಆಪರೇಶನ್ ಅಂದಾಗ ಮನೆಯಲ್ಲಿ ಎದ್ದ ಭಯ ಒಂದೇ. ನರಕ್ಕೆ ಕತ್ತಿ ಹಾಕಿದರೆ ಕೈ ಹೋಯಿತು ಅಂತ. ನೆರೆಯವರು ಹೇಳಿದ್ದೂ ಅದನ್ನೇ. "ನರದ ಆಪರೇಶನ್ ಮಾಡಿಸ್ಬೇಡ ಮಾರಾಯ್ತಿ, ಹೇಗೂ ಕೆಲಸ ನಡೀತದಲ್ಲ?" ಇದು ಎಷ್ಟು ಜನರನ್ನು ಹಿಂದೆ ಎಳೆದಿದೆಯೋ. ನಿಜವಾಗಿ ಈ ಚಿಕಿತ್ಸೆಯಲ್ಲಿ ನರವನ್ನು ಕೊಯ್ಯುವುದಿಲ್ಲ. ನರದ ಮೇಲೆ ಕೂತ ಪಟ್ಟಿಯನ್ನು ಮಾತ್ರ ಉದ್ದಕ್ಕೂ ಕೊಯ್ದು ಬಿಡಿಸುತ್ತಾರೆ. ಏನನ್ನೂ ತೆಗೆದು ಹಾಕುವುದಿಲ್ಲ, ಏನನ್ನೂ ಒಳಗಿಡುವುದಿಲ್ಲ. ಪಟ್ಟಿಯ ಎರಡು ತುಂಡುಗಳ ನಡುವೆ ಜಾಗ ಬಿಡುತ್ತದೆ, ಆ ಜಾಗ ಕಲೆಕಟ್ಟಿ ಮೆಲ್ಲಗೆ ತುಂಬಿಕೊಳ್ಳುತ್ತದೆ. ದಾರಿ ಮೊದಲಿಗಿಂತ ಅಗಲವಾಗಿರುತ್ತದೆ.

ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಜನಕ್ಕೆ ಇದು ಹೊಸದಲ್ಲ. ಗಡಿಯ ಈಚೆ ಮಲಯಾಳದ ಚೀಟಿ, ಆಚೆ ಇಂಗ್ಲಿಷಿನ ಕಾಗದ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ಚಿಕ್ಕಮ್ಮ ಎರಡು ಕಡೆಯೂ ಸುಮ್ನೆ ಸಹಿ ಹಾಕುವವರಾಗಿಬಿಟ್ಟಿದ್ದರು. ಅಂದು ನಾನು ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಹೆಬ್ಬೆರಳಿಗೆ ಹೋಗುವ ಸಣ್ಣ ಕವಲಿಗೆ ಪೆಟ್ಟಾಗುವ ಅಪಾಯ ಇದೆ, ಅದು ಅಪರೂಪ. ಪಟ್ಟಿ ಪೂರ್ತಿ ಬಿಡದೆ ಉಳಿದರೆ ತೊಂದರೆ ಹಾಗೇ ಇರಬಹುದು. ಗಾಯಕ್ಕೆ ಸೋಂಕು ತಗಲಬಹುದು. ಕರಗಿದ ಮಾಂಸ ಮರಳಿ ಬರುತ್ತದೆ ಅಂತ ಭರವಸೆ ಇಲ್ಲ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ರಾತ್ರಿ ನಿದ್ದೆ ಬರ್ತದಾ?" ಬರುತ್ತದೆ ಅಂದರು ವೈದ್ಯರು. ಆಮೇಲೆ ಸಹಿ ಹಾಕಿದರು. ತನ್ನ ಕೈಗೆ ಏನು ಮಾಡುತ್ತಾರೆ ಅಂತ ಪೂರ್ತಿ ಗೊತ್ತಿದ್ದೇ ಹಾಕಿದ ಸಹಿ. ಪ್ರತಿ ಆಸ್ಪತ್ರೆಯಲ್ಲೂ ಇಷ್ಟಾದರೂ ಆಗಬೇಕು. ಇದು ಉಪಕಾರ ಅಲ್ಲ, ಹಕ್ಕು.

ಆಪರೇಶನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅಂಗೈಯ ಬುಡಕ್ಕೆ ಮರಗಟ್ಟಿಸುವ ಸೂಜಿ. ಎಚ್ಚರವಾಗಿಯೇ ಇದ್ದರು. ಉಂಗುರದ ಬೆರಳಿನ ನೇರಕ್ಕೆ ಸುಮಾರು 3 ಸೆಂಟಿಮೀಟರ್ ಗೀಟು. ಒಳಗೆ ಹೋದವರು ಅರ್ಧ ಗಂಟೆಯಲ್ಲಿ ಬ್ಯಾಂಡೇಜು ಹಾಕಿಕೊಂಡು ಹೊರಗೆ ಬಂದರು. ದುರ್ಬೀನು ಹಾಕಿ ಇನ್ನೂ ಸಣ್ಣ ಗೀಟಿನಲ್ಲಿ ಮಾಡುವ ವಿಧಾನವೂ 1980ರ ದಶಕದ ಕೊನೆಯಿಂದ ಇದೆ. ಅದರಲ್ಲಿ ಕೆಲಸಕ್ಕೆ ಮರಳುವುದು ತುಸು ಬೇಗ. ಆದರೆ ಕೆಲವು ತಿಂಗಳ ಮೇಲೆ ನೋಡಿದರೆ ಎರಡರ ಫಲವೂ ಹೆಚ್ಚುಕಮ್ಮಿ ಒಂದೇ.

ಕಷ್ಟ ಇದ್ದದ್ದು ಆಮೇಲಿನ ದಿನಗಳಲ್ಲಿ. ಹೊಲಿಗೆ ಬಿಚ್ಚಲು ಎರಡು ವಾರ ಸಾಕು. ಆದರೆ ಅಂಗೈಯ ಬುಡದ ಎರಡು ಬದಿ ಊರಿದರೆ ನೋವು ತಿಂಗಳುಗಟ್ಟಲೆ ಇರುತ್ತದೆ. ಹಿಡಿತದ ಬಲ ಬರಲು ಮೂರು ತಿಂಗಳಾದರೂ ಬೇಕು. ಅಷ್ಟು ಕಾಲ ಬಾವಿಯಿಂದ ನೀರು ಸೇದುವವರು ಯಾರು? ಕಾಯಿ ತುರಿಯುವವರು, ಬಟ್ಟೆ ಹಿಂಡುವವರು, ದನಕ್ಕೆ ಹುಲ್ಲು ತರುವವರು? ವೈದ್ಯರ ಚೀಟಿಯಲ್ಲಿ "ವಿಶ್ರಾಂತಿ" ಅಂತ ಬರೆದಿರುತ್ತದೆ, ವಿಶ್ರಾಂತಿಗೆ ಬದಲಿ ಕೈ ಕೊಡುವವರು ಮನೆಯಲ್ಲಿ ಇರಬೇಕಲ್ಲ. ಆಪರೇಶನ್ ಮುಂದೆ ಹಾಕಲು ಹೆಂಗಸರಿಗೆ ಕತ್ತಿಯ ಭಯಕ್ಕಿಂತ ಇದು ದೊಡ್ಡ ಕಾರಣ ಅಂತ ಈಗ ನನಗೆ ಖಚಿತವಾಗಿದೆ. ನಮ್ಮಲ್ಲಿ ಚಿಕ್ಕಪ್ಪ ಕಾಯಿ ತುರಿಯಲು ಕಲಿತರು. ಮಗ ಬೆಳಿಗ್ಗೆ ನೀರು ಸೇದಿಟ್ಟು ಹೋಗುತ್ತಿದ್ದ. ಬೀಡಿ ಮಾತ್ರ ನಿಂತಿತು. ಆ ತಿಂಗಳುಗಳ ದುಡ್ಡು ಹೋಯಿತು.

ನಿದ್ದೆ ಆ ವಾರವೇ ಬಂತು. ಅದಕ್ಕೆ ಚಿಕ್ಕಮ್ಮ ಪಟ್ಟ ಸಂತೋಷ ನೋಡಬೇಕಿತ್ತು. ಸ್ಪರ್ಶ ಅಷ್ಟು ಬೇಗ ಬರುವುದಿಲ್ಲ. ಸತ್ತ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ತಲುಪಲು ಅರ್ಧ ವರ್ಷ ಹಿಡಿಯುತ್ತದೆ. ಈಗ ಹೆಬ್ಬೆರಳು ಮತ್ತು ತೋರುಬೆರಳಿಗೆ ನೂಲು ತಿಳಿಯುತ್ತದೆ. ನಡುಬೆರಳ ತುದಿ ಇನ್ನೂ ದಪ್ಪ ದಪ್ಪ ಅಂತಾರೆ. ಹೆಬ್ಬೆರಳ ಬುಡ ತುಂಬಿಕೊಳ್ಳಲಿಲ್ಲ.

ಹೀಗೆ ಬಲ ಮರಳದಿದ್ದವರಿಗೂ ಒಂದು ದಾರಿ ಇದೆ. ಕೈಯ ಬೇರೆ ಟೆಂಡನನ್ನು ತಂದು ಹೆಬ್ಬೆರಳಿಗೆ ಜೋಡಿಸುತ್ತಾರೆ. ಈ ಬಗೆಯ ಕೆಲಸಕ್ಕೆ ನಮ್ಮ ದಕ್ಷಿಣದಲ್ಲೇ ದೊಡ್ಡ ಇತಿಹಾಸ ಇದೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ವೈದ್ಯರು ಕುಷ್ಠರೋಗದಿಂದ ಬೆರಳು ಮಡಚಿಹೋದವರಿಗೆ ಟೆಂಡನ್ ಬದಲಿಸಿ ಕೈ ಬಿಡಿಸಿಕೊಟ್ಟರು. ಭಿಕ್ಷೆ ಬಿಟ್ಟರೆ ಬೇರೆ ಗತಿ ಇಲ್ಲದ ಕೈಗಳು ಮತ್ತೆ ಕೆಲಸಕ್ಕೆ ಬಂದವು. ಕುಷ್ಠದಲ್ಲಿ ಹೆಚ್ಚಾಗಿ ಕೆಡುವುದು ಮೊಣಕೈ ಹಿಂದೆ ಹೋಗುವ ಅಲ್ನರ್ ನರ, ಅಂದರೆ ಕಿರುಬೆರಳಿನ ಕಡೆಯದು. ಅಲ್ಲಿ ಮೊದಲ ಚಿಕಿತ್ಸೆ ಔಷಧಿ, ನರದ ಊತ ಇಳಿಸಲು ಸ್ಟೀರಾಯ್ಡ್. ನರದಲ್ಲಿ ಕೀವು ಕಟ್ಟಿದರೆ, ಔಷಧಿಗೆ ಬಗ್ಗದಿದ್ದರೆ ಆಗ ಒತ್ತಡ ಬಿಡಿಸುವ ಆಪರೇಶನ್. ಕುಷ್ಠ ಇಲ್ಲದವರಲ್ಲೂ ಮೊಣಕೈಯಲ್ಲಿ ಈ ನರ ಒತ್ತಿಕೊಳ್ಳುತ್ತದೆ. ಮೊಣಕೈ ಮಡಚಿ ಫೋನು ಹಿಡಿದು ಮಲಗುವ ಮಕ್ಕಳಿಗೆ ಕಿರುಬೆರಳು ಜೋಮು ಹಿಡಿಯುವುದು ಇದರಿಂದಲೇ.

ಅಡಿಕೆ ಸುಲಿಯುವವರಿಗೆ, ಕಳೆ ಕೀಳುವವರಿಗೆ ಇನ್ನೊಂದು ಮಾತು. ಗಂಟೆಗಟ್ಟಲೆ ಕುಕ್ಕುರುಗಾಲಲ್ಲಿ ಕೂತರೆ ಮೊಣಕಾಲಿನ ಹೊರಬದಿಯ ನರ ಒತ್ತಿಹೋಗಿ ಪಾದ ಎತ್ತಲಾಗದೆ ಜೋಲುವುದುಂಟು. ಬಹುತೇಕ ಅದು ಆಪರೇಶನ್ ಇಲ್ಲದೆ ಮರಳುತ್ತದೆ, ಆದರೆ ತೋರಿಸಿಕೊಳ್ಳದೆ ಕೂರಬಾರದು. ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಒಟ್ಟಿಗೆ ಉರಿಯುವುದು, ಜೋಮು ಹಿಡಿಯುವುದು ಬೇರೆಯೇ ಕಥೆ. ಅದಕ್ಕೂ ಕೆಲವು ಕಡೆ ನರ ಬಿಡಿಸುವ ಆಪರೇಶನ್ ಮಾಡುತ್ತೇವೆ ಅಂತಾರೆ, ಆದರೆ ಅದರ ಫಲದ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ. ಎರಡನೆಯ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರಲ್ಲೇ ಕಾನೂನು ಬಂದಿದೆ. ಬ್ರಾಂಚಿಗೆ ಎಲೆ ತರಲು ವಾರವಾರ ಸೇರುವ ಹೆಂಗಸರ ಕೈಯನ್ನು ವರ್ಷಕ್ಕೊಮ್ಮೆ ಒಬ್ಬ ನರ್ಸ್ ಬಂದು ಹಿಡಿದು ನೋಡಲು ಏನು ಕಷ್ಟ? ಮಣಿಕಟ್ಟು ಒಂದು ನಿಮಿಷ ಮಡಚಿಸಬೇಕು, ಕಿರುಬೆರಳು ಹೇಗಿದೆ ಕೇಳಬೇಕು, ಹೆಬ್ಬೆರಳ ಬುಡ ನೋಡಬೇಕು. ದೊಡ್ಡ ಖರ್ಚಿಲ್ಲ. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸ ಆದ ಮೆಡಿಕಲ್ ಕಾಲೇಜು ನಮ್ಮ ಪಾಲಿಗೆ ಪೂರ್ತಿ ಆಸ್ಪತ್ರೆಯಾಗಬೇಕು, ನರದ ಪರೀಕ್ಷೆ ಅಲ್ಲೇ ಸಿಗಬೇಕು. ಒಂದು ಕೈ ತೋರಿಸಲು ದಿನದ ಕೂಲಿ ಬಿಟ್ಟು ರಾಜ್ಯ ದಾಟಬೇಕಾದರೆ ಯಾರು ಹೋಗುತ್ತಾರೆ?

ಈಗ ಚಿಕ್ಕಮ್ಮನ ಎಡಗೈಯಲ್ಲೂ ಶುರುವಾಗಿದೆ. ಇದು ಹೆಚ್ಚಿನವರಿಗೆ ಎರಡೂ ಕೈಗೆ ಬರುವಂಥದ್ದೇ. ಈ ಸಲ ಅವರೇ ಹೇಳಿದರು, ನಾವು ಕೇಳುವ ಮೊದಲು. ರಾತ್ರಿ ಸ್ಪ್ಲಿಂಟ್ ಕಟ್ಟಿಕೊಳ್ಳುತ್ತಾರೆ. ಸದ್ಯ ಬಲ ಕುಂದಿಲ್ಲ, ಮತ್ತೊಮ್ಮೆ ನರದ ಪರೀಕ್ಷೆ ಮಾಡಿ ನೋಡೋಣ ಅಂದಿದ್ದಾರೆ ವೈದ್ಯರು. ಯಾವಾಗ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಅಡಿಕೆ ಸುಲಿಯುವ ಕೆಲಸ ಮುಗಿಯಲಿ, ಮಳೆಗಾಲದಲ್ಲಿ ಹೋದರಾಯಿತು ಅಂತ ಚಿಕ್ಕಪ್ಪ ಹೇಳುತ್ತಾರೆ. ಚಿಕ್ಕಮ್ಮ ಒಪ್ಪುತ್ತಿಲ್ಲ. ಅಂಗಳದ ಅಡಿಕೆ ಒಣಗುವುದರೊಳಗೆ ಮಂಗಳೂರಿಗೆ ಹೋಗಿಬರಬೇಕು ಅಂತ ಕೂತಿದ್ದಾರೆ. ಬರುವ ಸೋಮವಾರಕ್ಕೆ ಚೀಟಿ ತೆಗೆಸಿದ್ದೇನೆ.